ಕೆರೆಯ ನಾಡಿನಲ್ಲಿ ಕಪ್ಪೆಗಳ ಅಳಿವು ಉಳಿವು

ಅಲ್ಪಜ್ಞನನ್ನು ಕೂಪಮಂಡೂಕವೆಂದು ಹಳಿಯುವುದು ಲೋಕರೂಢಿ. ಆದರೆ ಮಂಡೂಕದ ವಿಷಯದಲ್ಲಿ ಮನುಷ್ಯನ ತಿಳಿವಳಿಕೆಯೇ ಬಾವಿಯೊಳಗಿನದು. ಮಳೆ ತಡೆದಾಗ ಕಪ್ಪೆಗೆ ಮದುವೆ ಮಾಡಿ ಮಳೆರಾಯನನ್ನು ಬೇಡುವ ಹಳ್ಳಿಗರು ಕಪ್ಪೆಗೂ ನೀರಿಗೂ ಇರುವ ನಂಟನ್ನು ಬಲ್ಲವರು. ಆ ನಂಟು ಈಗ ಸಡಿಲಗೊಳ್ಳುತ್ತಿದೆಯೆಂಬುದೇ ವಿಜ್ಞಾನಿಗಳ ಕಳವಳ.

ಕಪ್ಪೆಯು ಉಭಯಚರ ಪ್ರಾಣಿ. ಚಿಪ್ಪಿಲ್ಲದ ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆ ಕಿವಿರುಗಳಿಂದ ಉಸಿರಾಡಿ ನೀರಿನಲ್ಲಿ ಬೆಳೆಯುತ್ತದೆ; ಬಲಿತ ಕಪ್ಪೆ ಶ್ವಾಸಕೋಶ ಪಡೆದು ನೆಲಕ್ಕೆ ಬರುತ್ತದೆ. ಅದು ನೀರನ್ನು ಬಾಯಿಂದ ಕುಡಿಯದೆ ತೊಗಲಿನ ಮೂಲಕವೇ ಹೀರಿಕೊಳ್ಳುತ್ತದೆ. ಆದುದರಿಂದ ನೀರು ಕೆಟ್ಟರೂ ನೆಲ ಕೆಟ್ಟರೂ ಅದರ ಪೆಟ್ಟು ಕಪ್ಪೆಗೆ ಬೇಗನೆ ತಾಗುತ್ತದೆ. ಬೆಳೆಯ ಕೀಟಗಳನ್ನು ತಿಂದು, ಹಾವು ಕೊಕ್ಕರೆಗಳಿಗೆ ಆಹಾರವಾಗುವ ಈ ಜೀವಿ ಕುಗ್ಗಿದಲ್ಲಿ ಆಹಾರ ಸರಪಣಿಯ ನಡುಗೊಂಡಿಯೇ ಕಳಚಿದಂತೆ.

ಮಾಸ್ತಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮೇಲಿನ ಕೆರೆ ಕೋಡಿಬಿದ್ದು ಕೆಳಗಿನ ಕೆರೆಯನ್ನು ತುಂಬುವ ಸರಣಿಯ ಮೇಲೆಯೇ ಜನಜೀವನ ನಿಂತಿದೆ; ಕಪ್ಪೆಗಳ ಬಾಳೂ ಅದಕ್ಕೆ ಹೊಂದಿಕೊಂಡಿದೆ. ಮಳೆ ಬಿದ್ದೊಡನೆ ದೊಡ್ಡ ಗದ್ದೆಗಪ್ಪೆಯ ಗಂಡು ಹಳದಿ ಬಣ್ಣ ತಾಳಿ, ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ. ಬೇಸಗೆಯನ್ನೆಲ್ಲ ಮಣ್ಣಿನೊಳಗೆ ಕಳೆದ ಕಪ್ಪೆಗಳು ಮೇಲೆ ಬಂದು ಮೊಟ್ಟೆಯಿಡುತ್ತವೆ. ಅವುಗಳಿಗೆ ಬೇಕಾದುದು ಆಳವಾದ ನೀರಲ್ಲ. ಕೆಲವು ವಾರ ನಿಂತು ಒಣಗುವ ಕುಂಟೆ. ಅಂತಹ ನೀರಿನಲ್ಲಿ ಗೊದಮೊಟ್ಟೆಗಳನ್ನು ತಿನ್ನುವ ಮೀನು ನೆಲೆಸಲಾರದು. ನಿರುಪಯುಕ್ತವೆಂದು ಮುಚ್ಚಿಸುವ ಕುಂಟೆಯೇ ಕಪ್ಪೆಗಳ ತೊಟ್ಟಿಲು.

ಈ ತೊಟ್ಟಿಲಿಗೆ ಒದಗಿರುವ ಆಪತ್ತುಗಳು ಹಲವು. ಕುಂಟೆಗಳು ಬಡಾವಣೆಗಳ ಕೆಳಗೆ ಮರೆಯಾಗುತ್ತವೆ, ರಾಜಕಾಲುವೆಗಳು ಒತ್ತುವರಿಗೊಳಗಾಗುತ್ತವೆ, ಇಟ್ಟಿಗೆಗೆಂದು ಕೆರೆಯಂಗಳದ ಮಣ್ಣನ್ನು ಆಳಕ್ಕೆ ತೋಡಲಾಗುತ್ತದೆ. ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಮೊದಲ ಮಳೆಯೊಡನೆ ಕುಂಟೆಗೆ ಇಳಿಯುತ್ತದೆ. ಸೊಳ್ಳೆಯ ನಿವಾರಣೆಗೆಂದು ಬಿಡುವ ಗಂಬೂಸಿಯಾ ಮೀನು ಗೊದಮೊಟ್ಟೆಗಳನ್ನೂ ಕಚ್ಚಿ ಕೊಲ್ಲುತ್ತದೆ. ಹೊಲಗದ್ದೆಗಳ ಸ್ಥಾನದಲ್ಲಿ ಹಬ್ಬಿದ ನೀಲಗಿರಿ ತೋಪುಗಳ ಹೊಸ ನೆಡುವಿಕೆಯನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಬತ್ತಿದ ಕೆರೆಗಳಲ್ಲಿ ನೀರು ಕಂಡುದು ರೈತರಿಗೆ ಸಮಾಧಾನದ ಸಂಗತಿ. ಆದರೆ ವರ್ಷವಿಡೀ ತುಂಬಿರುವ ಕೆರೆ ಕಪ್ಪೆಗಳ ಪಾಲಿಗೆ ಹಿಂದಿನ ಕೆರೆಯಲ್ಲ.

ಜಗತ್ತಿನ ಇತರೆಡೆಗಳಲ್ಲಿಯೂ ಪರಿಸ್ಥಿತಿ ಹಿತಕರವಾಗಿಲ್ಲ. ಕೋಸ್ಟರಿಕಾ ದೇಶದ ಹೊಂಬಣ್ಣದ ನೆಲಗಪ್ಪೆ 1989ರಲ್ಲಿ ಕಡೆಯ ಬಾರಿ ಕಂಡು ಮತ್ತೆ ಕಾಣಲಿಲ್ಲ. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕಗಳಲ್ಲಿ ಕಪ್ಪೆಗಳ ಸಾಮೂಹಿಕ ಸಾವಿಗೆ ತೊಗಲನ್ನು ಕಾಡುವ ಕೈಟ್ರಿಡ್ ಎಂಬ ಶಿಲೀಂಧ್ರವು ಕಾರಣವೆಂದು 1998ರಲ್ಲಿ ತಿಳಿಯಿತು. 8,011 ಪ್ರಭೇದಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಉಭಯಚರಗಳಲ್ಲಿ ಶೇಕಡಾ 41ರಷ್ಟು ಅಳಿವಿನ ಅಪಾಯದಲ್ಲಿವೆ. ಹವಾಮಾನದ ಬದಲಾವಣೆಯೂ ಈಗ ಪ್ರಮುಖ ಕಾರಣಗಳಲ್ಲಿ ಒಂದು.

ಆದರೂ ಮನುಷ್ಯನು ಕೈತಡೆದರೆ ಒಳಿತಾಗದೆ ಇರದು. ಕಪ್ಪೆಯ ಕಾಲುಗಳ ರಫ್ತಿನಲ್ಲಿ ಭಾರತ ಒಮ್ಮೆ ಮುಂದಿತ್ತು; 1981ರಲ್ಲಿ 4,000 ಟನ್ನಿಗೂ ಮಿಕ್ಕಿ ಹೊರದೇಶಕ್ಕೆ ಹೋಯಿತು. 1987ರಲ್ಲಿ ಸರ್ಕಾರ ಈ ವ್ಯಾಪಾರವನ್ನು ನಿಷೇಧಿಸಿತು. ಪ್ರಯೋಗಾಲಯಗಳಲ್ಲಿ ಪ್ರಾಣಿಗಳನ್ನು ಕೊಯ್ಯುವ ಪದ್ಧತಿಯನ್ನು ಕ್ರಮೇಣ ಕೈಬಿಡಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಮಾರ್ಗಸೂಚಿಗಳನ್ನು ನೀಡಿತು.

ಕಪ್ಪೆಗಳನ್ನು ಕಾಯಬೇಕಾದರೆ ಮೊದಲು ಎಣಿಸಬೇಕು. ಎಣಿಕೆಯ ಮುಖ್ಯ ಸಾಧನ ಕಿವಿ. ಪ್ರತಿಯೊಂದು ಪ್ರಭೇದದ ಗಂಡಿನ ಕೂಗು ಬೇರೆ. ಮಳೆಗಾಲದ ರಾತ್ರಿಗಳಲ್ಲಿ ಸಂಶೋಧಕರು ಗೊತ್ತಾದ ಸ್ಥಳದಲ್ಲಿ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ನಿಮಿಷಗಳ ಕಾಲ ನಿಂತು ಆಲಿಸುತ್ತಾರೆ. ಕೂಗುಗಳು ಬಿಡಿಬಿಡಿಯಾಗಿ ಕೇಳಿದರೆ ಒಂದು ಅಂಕ, ಒಂದರ ಮೇಲೊಂದು ಬಿದ್ದರೆ ಎರಡು, ಎಡೆಬಿಡದ ಮೇಳವಾದರೆ ಮೂರು ಎಂಬ ಕ್ರಮವೂ ಉಂಟು. ಅನಂತರ ಬ್ಯಾಟರಿ ಬೆಳಕಿನಲ್ಲಿ ದಡದುದ್ದಕ್ಕೂ ನಡೆದು ಕಂಡವನ್ನು ಬರೆದುಕೊಳ್ಳುತ್ತಾರೆ. ಗೊದಮೊಟ್ಟೆಗಳನ್ನು ಬಲೆಯಲ್ಲಿ ಎತ್ತಿ ನೋಡಿ ಮರಳಿ ಬಿಡುತ್ತಾರೆ. ಗಾಳಿ ನೀರುಗಳ ಉಷ್ಣತೆಯನ್ನು ಅಳೆಯುತ್ತಾರೆ. ಜನರಿಲ್ಲದೆಡೆ ಧ್ವನಿಮುದ್ರಣ ಯಂತ್ರಗಳು ಈ ಕೆಲಸ ಮಾಡುತ್ತವೆ. ರೋಗ ಹರಡದಂತೆ ಕೆರೆಯಿಂದ ಕೆರೆಗೆ ಹೋಗುವಾಗ ಪಾದರಕ್ಷೆ, ಬಲೆಗಳನ್ನು ತೊಳೆದು ಒಣಗಿಸುವುದು ಕಡ್ಡಾಯ. ಮಳೆಯಾದ ವರ್ಷ ಸಂಖ್ಯೆ ಹಿಗ್ಗಿ, ಬರಗಾಲದಲ್ಲಿ ಕುಗ್ಗುವುದು ಸಹಜವಾದುದರಿಂದ ಒಂದು ವರ್ಷದ ಲೆಕ್ಕದಿಂದ ಏನನ್ನೂ ನಿರ್ಣಯಿಸಲಾಗದು. ಹತ್ತಾರು ವರ್ಷ ಬಿಡದೆ ಬರೆದ ಲೆಕ್ಕವೇ ಪ್ರಮಾಣ.

ಇಂತಹ ಅಧ್ಯಯನ ಕರ್ನಾಟಕದಲ್ಲಿ ಬಹುಮಟ್ಟಿಗೆ ಪಶ್ಚಿಮಘಟ್ಟಗಳಲ್ಲಿ ನಡೆದಿದೆ. ಡಾ. ಕೆ. ವಿ. ಗುರುರಾಜ ಅವರು ಅಲ್ಲಿಯ ಕಪ್ಪೆಗಳ ಸಚಿತ್ರ ಕೈಪಿಡಿಯನ್ನು 2012ರಲ್ಲಿ ಹೊರತಂದರು. ಮೊಟ್ಟೆಗಳಿಗೆ ಮಣ್ಣು ಮೆತ್ತುವ ‘ಕುಂಬಾರ ಕಪ್ಪೆ’ಯನ್ನು ಅವರೂ ಸಹೋದ್ಯೋಗಿಗಳೂ 2014ರಲ್ಲಿ ಲೋಕಕ್ಕೆ ಪರಿಚಯಿಸಿದರು. ಬಯಲುಸೀಮೆಯಲ್ಲಿ ಹೊಸದೇನಿದೆಯೆನ್ನುವವರಿಗೆ 2020ರಲ್ಲಿ ಉತ್ತರ ದೊರೆಯಿತು: ಬೆಂಗಳೂರಿನ ಹೊರವಲಯದ ಬೀಳುನೆಲದಲ್ಲಿ ಕಂಡ, ಮಣ್ಣು ತೋಡಿ ಅಡಗುವ ಕಪ್ಪೆಯೊಂದು ಹೊಸ ಪ್ರಭೇದವೆಂದು ತಿಳಿದು ‘ಸ್ಫೀರೋಥೀಕ ಬೆಂಗಳೂರು’ ಎಂಬ ಹೆಸರು ಪಡೆಯಿತು. ಹೆಸರಿಡುವ ಮುನ್ನವೇ ಅಳಿದುಹೋದ ಜೀವಕ್ಕೆ ಮರುಗುವವರೂ ಇರುವುದಿಲ್ಲ.

ಆದುದರಿಂದ ಬಯಲುಸೀಮೆಯ ಕೆರೆಯಂಚಿನ ಶಾಲೆಗಳ ಹೊಣೆ ದೊಡ್ಡದು. ಒಂದು ಕೆರೆ, ಒಂದು ಕುಂಟೆಯನ್ನು ಆರಿಸಿಕೊಂಡು, ಉಪಾಧ್ಯಾಯರ ನೇತೃತ್ವದಲ್ಲಿ ಪ್ರತಿ ಮಳೆಗಾಲವೂ ಕೂಗುಗಳ ದಾಖಲೆಯಿಟ್ಟರೆ ವಿಜ್ಞಾನಕ್ಕೆ ಅದು ಬೆಲೆಯುಳ್ಳ ಕಾಣಿಕೆ. ಬೇಕಾದುದು ಒಂದು ಪುಸ್ತಕ, ಒಂದು ಗಡಿಯಾರ ಮತ್ತು ತಾಳ್ಮೆ. ಹೂಳೆತ್ತುವಾಗ ಕೆರೆಯಂಗಳದ ಒಂದು ಭಾಗವನ್ನು ಮುಟ್ಟದೆ ಬಿಡುವುದು, ದಡದ ಹುಲ್ಲು ಜೊಂಡುಗಳನ್ನು ಪೂರ್ತಿ ಸವರದಿರುವುದು, ಕುಂಟೆಗಳಿಗೆ ಮೀನು ಬಿಡದಿರುವುದು, ನೀರಿನ ಬದಿಯಲ್ಲಿ ವಿಷೌಷಧವನ್ನು ಸಿಂಪಡಿಸದಿರುವುದು ಊರವರು ಮಾಡಬಹುದಾದ ರಕ್ಷಣೆ. ಕೆರೆ ಕಟ್ಟಿಸುವುದನ್ನು ಪುಣ್ಯಕಾರ್ಯವೆಂದು ಬಗೆದ ಹಿರಿಯರ ನಾಡಿದು. ಕೆರೆಯೊಳಗಿನ ಜೀವವನ್ನು ಕಾಯುವುದು ಆ ಪುಣ್ಯದ ಮುಂದುವರಿಕೆ. ಶರಣರ ಜೀವದಯೆಯನ್ನು ಪಾಠವಾಗಿ ಕಲಿಸುವ ವಿದ್ಯಾಲಯಗಳಿಗೆ ಅದನ್ನು ಆಚರಿಸಿ ತೋರಿಸಲು ಊರಕೆರೆಗಿಂತ ಸಮೀಪದ ಸ್ಥಳ ಬೇರೊಂದಿಲ್ಲ.