ಕತ್ತಿನ ಪೈಪು ಎಷ್ಟು ದಿನ?

ಡಯಾಲಿಸಿಸ್ ಕೆಥೆಟರ್ ಎಂದರೆ ಸಾಮಾನ್ಯವಾಗಿ ಕತ್ತಿನ ಬಲಬದಿಯ ದೊಡ್ಡ ಅಭಿಧಮನಿಯೊಳಗೆ ಇಳಿದು, ಹೃದಯದ ಬಲ ಹೃತ್ಕರ್ಣದ ಬಳಿ ಕೊನೆಯಾಗುವ ಮೆದು ನಳಿಕೆ. ರೋಗಿಗಳ ಬಾಯಲ್ಲಿ ಅದು ಕತ್ತಿನ ಪೈಪು. ಅದರೊಳಗೆ ಎರಡು ದಾರಿ: ಕೆಂಪು ಗುರುತಿನ ಕವಲಿನಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ನೀಲಿ ಗುರುತಿನದರಿಂದ ಶುದ್ಧವಾಗಿ ಮೈಗೆ ಮರಳುತ್ತದೆ. ನಿಮಿಷಕ್ಕೆ 300 ಮಿ.ಲೀ. ಲೆಕ್ಕ ಹಿಡಿದರೆ 4 ಗಂಟೆಗೆ 72 ಲೀಟರ್. ಮೈಯಲ್ಲಿರುವುದು ಸುಮಾರು 5 ಲೀಟರ್ ಮಾತ್ರ. ಅದೇ ರಕ್ತ ಹದಿನಾಲ್ಕು ಸುತ್ತು ಹಾಕುತ್ತದೆ. ಗ್ಲೂಕೋಸ್ ಹಾಕುವ ಕೈನರಕ್ಕೆ ಈ ರಭಸ ನಿಭಾಯಿಸಲಾಗದು.

ತುರ್ತಿಗೆಂದು ನೇರವಾಗಿ ತೂರಿಸುವ ನಳಿಕೆ ಕತ್ತಿನಲ್ಲಾದರೆ ಎರಡು ವಾರ, ತೊಡೆಸಂದಿಯಲ್ಲಾದರೆ ಇನ್ನೂ ಕಡಿಮೆ ದಿನ ಇರಬೇಕಾದದ್ದು. ದೀರ್ಘಕಾಲದ್ದನ್ನು ಎದೆಯ ಚರ್ಮದಡಿ ಸುರಂಗ ಮಾಡಿ ಹಾಯಿಸುತ್ತಾರೆ. ಸುರಂಗದೊಳಗೆ ನಳಿಕೆಗೆ ಸುತ್ತಿರುವ ಬಟ್ಟೆಯಂಥ ಪಟ್ಟಿಗೆ ಕೆಲವು ವಾರಗಳಲ್ಲಿ ಮಾಂಸ ಬೆಳೆದು ಅಂಟಿಕೊಳ್ಳುತ್ತದೆ. ನಳಿಕೆ ಜಾರದಂತೆ, ಹೊರಗಿನ ರೋಗಾಣು ನುಸುಳದಂತೆ ತಡೆಯುವುದು ಅದೇ. ಆದರೂ ಈ ತಡೆ ಪೂರ್ತಿಯಲ್ಲ.

ಪ್ರತಿ ಸರದಿ ಮುಗಿದಾಗ ಎರಡೂ ಕವಲುಗಳಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ತುಂಬಿ ಮುಚ್ಚಳ ಹಾಕುತ್ತಾರೆ. ಎಷ್ಟು ಮಿ.ಲೀ. ಹಿಡಿಸುತ್ತದೆಂದು ಸಾಮಾನ್ಯವಾಗಿ ನಳಿಕೆಯ ಕ್ಲ್ಯಾಂಪಿನ ಮೇಲೇ ಅಚ್ಚಾಗಿರುತ್ತದೆ. ಮುಂದಿನ ಸರದಿಗೆ ಅದನ್ನು ಎಳೆದು ಚೆಲ್ಲಿ, ಆಮೇಲೆ ಯಂತ್ರಕ್ಕೆ ಜೋಡಣೆ. ವಾರಕ್ಕೆ ಮೂರು ಸಲ ಮುಚ್ಚಳ ತೆರೆದಾಗಲೆಲ್ಲ ರೋಗಾಣುವಿಗೂ ಬಾಗಿಲು ತೆರೆದಂತೆ. ಚರ್ಮದ ಮೇಲೆ ಬದುಕುವ ಸ್ಟ್ಯಾಫಿಲೊಕಾಕಸ್ ನಳಿಕೆಯ ಒಳಗೋಡೆಗೆ ಲೋಳೆಪದರವಾಗಿ ಅಂಟಿಕೊಂಡರೆ ಆ್ಯಂಟಿಬಯಾಟಿಕ್ ಅದರೊಳಕ್ಕೆ ಸರಿಯಾಗಿ ಇಳಿಯದು. ಯಂತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಚಳಿ ಹಿಡಿದು ಮೈ ಗದಗುಟ್ಟುವುದು ಇದರ ಗುರುತು. ಲೋಳೆಯಿಂದ ಕಳಚಿದ ರೋಗಾಣು ನೇರ ರಕ್ತಕ್ಕೆ ಬೀಳುತ್ತದೆ. ಹೃದಯದ ಕವಾಟ, ಬೆನ್ನೆಲುಬು ಎಲ್ಲಿ ಬೇಕಾದರೂ ಕೀವು ಮಾಡಬಲ್ಲದು. ರಕ್ತಪರೀಕ್ಷೆಗೆ ಮೊದಲೇ ಜ್ವರದ ಮಾತ್ರೆ ನುಂಗಿ ಮಲಗುವುದು ದೊಡ್ಡ ತಪ್ಪು. ಅನೇಕ ಸಲ ನಳಿಕೆಯನ್ನೇ ತೆಗೆಯಬೇಕಾಗುತ್ತದೆ.

ಉಳಿದ ತೊಂದರೆಗಳು ಸದ್ದಿಲ್ಲದೆ ಬರುತ್ತವೆ. ನಳಿಕೆಯ ತುದಿಗೆ ಫೈಬ್ರಿನ್ ಪೊರೆ ಬೆಳೆದು ರಕ್ತದ ಹರಿವು ತಗ್ಗುತ್ತದೆ, ಶುದ್ಧೀಕರಣ ಅರೆಬರೆಯಾಗುತ್ತದೆ. ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ದೊಡ್ಡ ಅಭಿಧಮನಿಯೇ ಕಿರಿದಾಗಿ ಕೈ, ಮುಖ ಊದಿಕೊಳ್ಳಬಹುದು. ಆಗ ಆ ಬದಿಯ ಕೈಯಲ್ಲಿ ಮುಂದೆ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯ ನಾಳಗಳನ್ನೇ ಕೂಡಿಸುವ ದಾರಿ, ಮಾಡುವುದೂ ಕಷ್ಟ.

ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಯಂಥ ಊರಿನಲ್ಲಿ ಪೈಪು ಕಾಯುವುದು ಸುಲಭವಲ್ಲ. ಹೊಲದ ಕೆಲಸ, ಕರಿಕಲ್ಲು ಕ್ವಾರಿಯ ದೂಳು, ಬೆವರು, ಎಲ್ಲವೂ ಎದೆಯ ಮೇಲಿನ ಪಟ್ಟಿಯನ್ನು ಕೊಳೆ ಮಾಡುತ್ತವೆ. ತಲೆಗೆ ನೀರು ಹೊಯ್ದುಕೊಳ್ಳುವ ಸ್ನಾನ ನಿಲ್ಲುತ್ತದೆ. ಮಾದಪ್ಪನ ಬೆಟ್ಟದ ಅಂತರಗಂಗೆಯಲ್ಲಾಗಲಿ ನಂಜನಗೂಡಿನ ಕಪಿಲೆಯಲ್ಲಾಗಲಿ ಮುಳುಗು ಹಾಕುವಂತಿಲ್ಲ. ಹರಕೆ ಹೊತ್ತವರಿಗೆ ಇದನ್ನು ಒಪ್ಪಿಸುವುದು ಔಷಧಿ ಕೊಡುವುದಕ್ಕಿಂತ ಕಷ್ಟ.

ಪೈಪಿಗೆ ಬದಲಿ ದಾರಿಯೇ ಫಿಸ್ಟುಲಾ. ಅದು ಮಣಿಕಟ್ಟಿನ ಬಳಿ ಅಪಧಮನಿಗೆ ಅಭಿಧಮನಿಯನ್ನು ಹೊಲಿಯುವ ಸಣ್ಣ ಶಸ್ತ್ರಕ್ರಿಯೆ. ಬ್ರೆಶಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ವಿಧಾನವಿದು. ಹೊರವಸ್ತು ಏನೂ ಮೈಯೊಳಗಿಲ್ಲದ್ದರಿಂದ ಸೋಂಕು ತೀರಾ ಕಡಿಮೆ. ಆದರೆ ನಾಳ ದಪ್ಪವಾಗಿ ಸೂಜಿ ತಾಳಲು ಒಂದೂವರೆ–ಎರಡು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಎಲ್ಲರಿಗೂ ಅದು ಕೂಡಿಬರುವುದಿಲ್ಲ. ನಾಳ ತೀರಾ ಸಣ್ಣದಾದವರಿಗೆ, ಹೃದಯ ದುರ್ಬಲವಾದವರಿಗೆ ಕೆಥೆಟರೇ ಗತಿ. ಉಳಿದವರ ಕತ್ತಿನಲ್ಲಿ ಅದು ವರ್ಷ ಕಳೆಯುವುದಕ್ಕೆ ಮುಖ್ಯ ಕಾರಣ ರೋಗ ಗೊತ್ತಾದದ್ದು ತಡ, ಶಸ್ತ್ರಕ್ರಿಯೆಗೆ ಓಡಾಡಿದ್ದು ಇನ್ನೂ ತಡ. ಮೂತ್ರಪಿಂಡ ಸೋಲುತ್ತಿದೆ ಎಂದು ವೈದ್ಯರು ಹೇಳಿದ ದಿನವೇ ಫಿಸ್ಟುಲಾದ ಮಾತೆತ್ತಬೇಕು; ಅದಕ್ಕೆ ಗೊತ್ತುಮಾಡಿದ ಕೈಗೆ, ಸಾಮಾನ್ಯವಾಗಿ ಎಡಗೈಗೆ, ಡ್ರಿಪ್ಪಿನ ಸೂಜಿ ಹಾಕಿಸಿಕೊಳ್ಳಬಾರದು.