ಹಳದಿ ಪಿನ್ನಿನಿಂದ ನೀಲಿ ಪ್ಲಗ್ಗಿಗೆ

ಮದುವೆಯ ಕ್ಯಾಸೆಟ್ ಇದೆ, ವಿಸಿಆರ್ ಇನ್ನೂ ಓಡುತ್ತದೆ, ಟಿವಿ ಮಾತ್ರ ಕೆಟ್ಟಿದೆ. ಕಂಪ್ಯೂಟರ್ ಮಾನಿಟರಿನಲ್ಲೇ ನೋಡೋಣವೆಂದು ಹೊರಟವರಿಗೆ ಒಂದು ತುದಿಯಲ್ಲಿ ಹಳದಿ ಪಿನ್, ಇನ್ನೊಂದು ತುದಿಯಲ್ಲಿ ನೀಲಿ ವಿಜಿಎ ಪ್ಲಗ್ ಇರುವ ಅಗ್ಗದ ಕೇಬಲ್ ಸಿಗುತ್ತದೆ. ಕೊಳ್ಳಬೇಡಿ. ಅದರಿಂದ ಚಿತ್ರ ಬರುವುದಿಲ್ಲ.

ಹಳದಿ ಸಾಕೆಟ್ಟಿನಿಂದ ಹೊರಡುವುದು ಕಾಂಪೊಸಿಟ್ ಸಿಗ್ನಲ್. ಹೊಳಪು, ಬಣ್ಣ, ಚಿತ್ರದ ಪ್ರತಿ ಗೆರೆ ಎಲ್ಲಿ ಶುರುವಾಗಬೇಕೆಂಬ ಸೂಚನೆ, ಎಲ್ಲವೂ ಒಂದೇ ತಂತಿಯಲ್ಲಿ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಸೆಕೆಂಡಿಗೆ 15,625 ಗೆರೆ. 1987ರಲ್ಲಿ ಐಬಿಎಂ ತಂದ ವಿಜಿಎಯಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆಬೇರೆ ತಂತಿ, ಅಡ್ಡ ಮತ್ತು ಲಂಬ ಸೂಚನೆಗಳಿಗೆ ಇನ್ನೆರಡು. ಗೆರೆಗಳ ವೇಗ ಸುಮಾರು 31,500, ಅಂದರೆ ಇಮ್ಮಡಿ. ತಂತಿ ಜೋಡಿಸಿದ ಮಾತ್ರಕ್ಕೆ ಈ ಅಂತರ ತುಂಬದು.

ತುಂಬುವುದು ಕನ್ವರ್ಟರ್. ಅದು ಹೊಳಪಿನಿಂದ ಬಣ್ಣವನ್ನು ಬೇರ್ಪಡಿಸಿ, ಎರಡನ್ನೂ ಅಂಕಿಗಳ ರೂಪದಲ್ಲಿ ಮೆಮೊರಿಗೆ ಹಾಕುತ್ತದೆ. ಒಬ್ಬರು ನಿಧಾನವಾಗಿ ಬರೆದ ಸಾಲನ್ನು ಇನ್ನೊಬ್ಬರು ಅಷ್ಟೇ ಹೊತ್ತಿನಲ್ಲಿ ಎರಡು ಸಲ ಓದಿ ಮುಗಿಸಿದ ಹಾಗೆ, ಮೆಮೊರಿಯಿಂದ ಗೆರೆಗಳು ಇಮ್ಮಡಿ ವೇಗದಲ್ಲಿ ಹೊರಬರುತ್ತವೆ.

ನಿಜವಾದ ಕಷ್ಟ ಬೇರೆಯೇ ಇದೆ. ಟಿವಿ ಚಿತ್ರ ಬರುವುದು ಎರಡು ಕಂತಿನಲ್ಲಿ: ಮೊದಲು ಬೆಸ ಗೆರೆಗಳು, 1/50 ಸೆಕೆಂಡಿನ ನಂತರ ಸಮ ಗೆರೆಗಳು. ಅಷ್ಟರಲ್ಲಿ ಅಕ್ಷತೆ ಹಾಕುವ ಕೈ ಸ್ವಲ್ಪ ಸರಿದಿರುತ್ತದೆ. ಎರಡನ್ನೂ ಸುಮ್ಮನೆ ಹೆಣೆದರೆ ಕೈಯ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳು ಕಾಣುತ್ತವೆ. ಒಳ್ಳೆಯ ಕನ್ವರ್ಟರ್ ಅಲುಗಾಡದ ಮಂಟಪವನ್ನು ಹೆಣೆಯುತ್ತದೆ. ಚಲಿಸುವ ಕೈಗೆ ಒಂದೇ ಕಂತು ತೆಗೆದುಕೊಂಡು ನಡುವಿನ ಗೆರೆಗಳನ್ನು ಅಕ್ಕಪಕ್ಕದವುಗಳಿಂದ ಅಂದಾಜು ಮಾಡುತ್ತದೆ. ಅಗ್ಗದ ಪೆಟ್ಟಿಗೆಗೂ ಒಳ್ಳೆಯದಕ್ಕೂ ಇರುವ ವ್ಯತ್ಯಾಸ ಬಹುಪಾಲು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಹಳೆಯ ಟೇಪಿನದು ಇನ್ನೊಂದು ತೊಡಕು. ಟೇಪು ಹಿಗ್ಗಿ ಗೆರೆಗಳ ಅವಧಿ ಹೆಚ್ಚುಕಡಿಮೆಯಾಗುತ್ತದೆ. ಪಿಕ್ಚರ್ ಟ್ಯೂಬಿನ ಟಿವಿ ಅದನ್ನು ಹೇಗೋ ಸಹಿಸುತ್ತಿತ್ತು; ಕನ್ವರ್ಟರ್ ಲಯ ತಪ್ಪಿ ಪರದೆಯನ್ನೇ ಖಾಲಿ ಮಾಡಬಹುದು. ಆಗ ಗೆರೆಗಳ ಸಮಯ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಬೇಕಾಗುತ್ತದೆ.

ಕೊನೆಗೆ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ನಿಮ್ಮ ಮನೆಯದು ಓಡುತ್ತಿರುವಾಗಲೇ, ಮಾನಿಟರಿನಲ್ಲಿ ಒಮ್ಮೆ ನೋಡಿ ಸುಮ್ಮನಾಗದೆ, ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.