ಉತಾರ ನಾಲ್ಕು, ರೈತ ಒಬ್ಬ

ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನ ಕಬ್ಬಿನ ಸೀಮೆಯಲ್ಲಿ ಬಸಪ್ಪ ಎಂಬ ರೈತನಿದ್ದಾನೆ ಎಂದಿಟ್ಟುಕೊಳ್ಳಿ. ಹೊಳೆದಂಡೆಗೆ 2 ಎಕರೆ, ಮಡ್ಡಿಯಲ್ಲಿ 3 ಎಕರೆ, ಪಕ್ಕದೂರಲ್ಲಿ 1 ಎಕರೆ 20 ಗುಂಟೆಯ ಒಂದು ತುಂಡು, 30 ಗುಂಟೆಯ ಇನ್ನೊಂದು. ಸರ್ವೆ ನಂಬರು ನಾಲ್ಕು, ಉತಾರವೂ (ಪಹಣಿಯೂ) ನಾಲ್ಕು.

ಬೆಳೆ ಹಾನಿಗೆ ವಿಪತ್ತು ನಿಧಿಯ ಪರಿಹಾರ ಸಿಗುವುದು ಒಬ್ಬ ರೈತನಿಗೆ ಹೆಚ್ಚೆಂದರೆ 2 ಹೆಕ್ಟೇರಿಗೆ, ಅಂದರೆ ಸುಮಾರು 4 ಎಕರೆ 38 ಗುಂಟೆಗೆ. ಬಸಪ್ಪನ ಉತಾರಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಆ ಮಿತಿ ದಾಟುವುದಿಲ್ಲ. ಕೂಡಿಸಿದರೆ 7 ಎಕರೆ 10 ಗುಂಟೆ! ಈ ಕೂಡಿಕೆಯಲ್ಲೂ ಎಡವಬಹುದು. ಗುಂಟೆ 40 ಆದರೆ ಎಕರೆ. ಅದನ್ನು ಮರೆತು ದಶಮಾಂಶದಂತೆ ಕೂಡಿಸಿದರೆ ಲೆಕ್ಕ 6.50ಕ್ಕೇ ನಿಲ್ಲುತ್ತದೆ.

ಒಬ್ಬನ ಹೊಲಗಳು ಹಲವು ಉತಾರಗಳಲ್ಲಿ ಚದುರಿರುವ ಈ ತೊಡಕು ಹಳೆಯದು. ಈ ಭಾಗದ ಜಮಖಂಡಿ ಸಂಸ್ಥಾನ 1948ರಲ್ಲಿ ಸೇರಿಕೊಂಡ ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯಲ್ಲಿ ಹೊಲಕ್ಕೊಂದು 7/12 ಉತಾರವಾದರೆ, ಖಾತೆದಾರನ ಎಲ್ಲ ತುಂಡುಗಳನ್ನು ಒಂದೆಡೆ ತೋರಿಸಲು 8ಅ ನಮೂನೆ ಇತ್ತು. ಆದರೆ ಅದು ಆಯಾ ಊರಿಗಷ್ಟೇ ಸೀಮಿತ. ಆಮೇಲೆ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯೂ ದತ್ತಾಂಶದ ಸಾಲುಗಳು ಹೊಲದ ಹೆಸರಿನವೇ, ಮನುಷ್ಯನವಲ್ಲ.

ಊರಿನ ಗಡಿ ದಾಟಿ ಮನುಷ್ಯನಿಗೊಂದು ಸಾಲು ಕಟ್ಟಲು ಹೊರಟದ್ದು ರಾಜ್ಯದ ರೈತ ನೋಂದಣಿ ವ್ಯವಸ್ಥೆ ‘ಫ್ರೂಟ್ಸ್’. ರೈತನಿಗೊಂದು ಎಫ್‌ಐಡಿ ಸಂಖ್ಯೆ. ಅದರಡಿ ಆಧಾರ್, ಬ್ಯಾಂಕ್ ಖಾತೆ ಮತ್ತು ಅವನ ಎಲ್ಲ ಸರ್ವೆ ನಂಬರುಗಳು. 2024ರ ಆರಂಭದಲ್ಲಿ ಬರ ಪರಿಹಾರದ ಮೊದಲ ಕಂತು, ಗರಿಷ್ಠ 2,000 ರೂಪಾಯಿ, ಈ ದತ್ತಾಂಶವನ್ನು ನೆಚ್ಚಿಯೇ ರೈತರ ಖಾತೆಗೆ ಹೋಯಿತು.

ಹೀಗೆ ಹಲವು ಉತಾರಗಳನ್ನು ಒಂದೇ ಸಾಲಿಗೆ ತರುವಾಗ ವಿಸ್ತೀರ್ಣವನ್ನೇನೋ ಕೂಡಿಸಬಹುದು, ಬೆಳೆಯನ್ನು ಕೂಡಿಸಲಾಗದು, ಒಂದರ ಮುಂದೊಂದು ಬರೆದುಕೊಳ್ಳಬೇಕು. ಬ್ಯಾಂಕ್ ಖಾತೆ ಹಲವಿದ್ದರೆ ಒಂದನ್ನು ಆರಿಸಬೇಕು. ನಿಜವಾದ ಕಗ್ಗಂಟು ಹೆಸರಿನದು. ಒಂದು ಉತಾರದಲ್ಲಿ ‘ಬಸಪ್ಪ ಮಲ್ಲಪ್ಪ’, ಇನ್ನೊಂದರಲ್ಲಿ ‘ಬಸವರಾಜ’, ಆಧಾರಿನಲ್ಲಿ ಮತ್ತೊಂದು. ಮೂವರೂ ಒಬ್ಬನೇ ಎಂದು ಊರಿಗೆ ಗೊತ್ತು, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಹೆಸರೊಂದನ್ನೇ ನಂಬಿ ಕೂಡಿಸಿದರೆ ಅದೇ ಊರಿನ ಬೇರೊಬ್ಬ ಬಸಪ್ಪನ ಹೊಲವೂ ಇವನ ಪಾಲಿಗೆ ಬಂದೀತು. ಅದಕ್ಕೇ 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಆಂದೋಲನಕ್ಕೆ ಇಳಿಯಿತು.

ತೀರಿಹೋದ ಅಪ್ಪನ ಹೆಸರಿನಲ್ಲೇ ಉಳಿದ ಉತಾರಗಳ ಕಥೆ ಬೇರೆ. ಅಲ್ಲಿ ಸಾಲು ಕೂಡಿಸುವ ಮೊದಲು ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು.